ಕಿವಿಗೆ ಹತ್ತಿಯಿಟ್ಟ ಹನ್ನೊಂದು ಮಂದಿ

ಯಶವಂತಪುರದ ಪೈಪು ಕಾರ್ಖಾನೆಯ ಫುಟ್‌ಬಾಲ್ ತಂಡ ಹೋದ ವರ್ಷ ಫೈನಲ್‌ನಲ್ಲಿ ಸೋತದ್ದು ಆಟ ಬಾರದೆ ಅಲ್ಲ. ಎರಡು ಗೋಲು ಮುಂದಿದ್ದರು. ಐದಕ್ಕೆ ಸೈರನ್ ಕೂಗಿತು ನೋಡಿ, ಹನ್ನೊಂದೂ ಜನ ಚೆಂಡನ್ನು ಅಲ್ಲೇ ಬಿಟ್ಟು ಗೇಟಿಗೆ ನಡೆದು, ಕಾರ್ಡು ಪಂಚ್ ಮಾಡಲು ಸಾಲಾಗಿ ನಿಂತರು. ಹದಿನೈದು ವರ್ಷದ ಅಭ್ಯಾಸ. ಕಾಲಿಗೆ ಯಾರು ಬುದ್ಧಿ ಹೇಳುತ್ತಾರೆ? ಹೆಬ್ಬಾಳದವರು ಖಾಲಿ ಗೋಲಿಗೆ ಐದು ಹೊಡೆದು ಮನೆಗೆ ಹೋದರು.

ಈ ಸಲ, ಎಪ್ಪತ್ತೆಂಟರಲ್ಲಿ, ಮ್ಯಾನೇಜರು ಕೋಚ್ ವೀರಬಸಪ್ಪನಿಗೆ ಖಡಾಖಂಡಿತವಾಗಿ ಹೇಳಿದ್ದರು. ಗೆದ್ದರೆ ಕೋಚ್ ಕೆಲಸ ಖಾಯಂ, ಸೋತರೆ ಸೋಮವಾರದಿಂದ ವಾಪಸ್ ಫೌಂಡ್ರಿ. ಗದಗಿನಿಂದ ಬಂದು ಒಂಬತ್ತು ವರ್ಷ ಆ ಫೌಂಡ್ರಿಯ ಬೆಂಕಿಯೆದುರು ಬೆಂದಿದ್ದ ಮನುಷ್ಯ. ಎರಡು ವರ್ಷದಿಂದ ಹುಲ್ಲಿನ ಮೇಲೆ ನಿಂತು ಬೈದುಕೊಂಡು ಬದುಕಿದ ಸುಖ ಅವನಿಗೇ ಗೊತ್ತು.

ರೆಫರಿ ತಡವಾಗಿ ಬಂದದ್ದರಿಂದ ಈ ಸಲವೂ ಆಟ ಐದು ದಾಟುವುದು ಖಚಿತವಾಯಿತು. ಐದಕ್ಕೆ ಎಂಟು ನಿಮಿಷ ಇತ್ತು, ಒಂದು ಗೋಲು ಮುಂದಿದ್ದರು. ಹೆಬ್ಬಾಳದವನೊಬ್ಬ ಮಂಡಿ ಹಿಡಿದು ಕೂತದ್ದೇ ನೆಪವಾಗಿ ವೀರಬಸಪ್ಪ ಔಷಧಿ ಡಬ್ಬಿ ಹಿಡಿದು ಒಳಗೆ ಓಡಿದ. ಮಂಡಿಯತ್ತ ತಿರುಗಿಯೂ ನೋಡಲಿಲ್ಲ.

"ನಾ ಹೇಳೂತನಕ ಯಾರೂ ಆಟ ನಿಲ್ಲಸಬ್ಯಾಡ್ರಿ," ಎಂದು ತನ್ನವರಿಗೆ ಹೇಳಿ, ಇಪ್ಪತ್ತೆರಡು ಕಿವಿಗೂ ಹತ್ತಿ ತುರುಕಿದ.

"ಸಾರ್, ಏನೂ ಕೇಳಿಸ್ತಿಲ್ಲ," ಎಂದ ಗೋಲ್‌ಕೀಪರ್ ಗಯಾಸ್.

ಸೈರನ್ ಕೂಗಿತು. ಒಬ್ಬನೂ ಕದಲಲಿಲ್ಲ. ವೀರಬಸಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. ಈ ಉಪಾಯವನ್ನು ಹೆಂಡತಿ ಪಾರವ್ವನಿಗೆ ಹೇಗೆ ಬಣ್ಣಿಸಲಿ ಎಂದು ಯೋಚಿಸುತ್ತಿರುವಾಗಲೇ ಹಿಂದಿನಿಂದ ಯಾರೋ, "ಮುಂದ್ ಹೋಗು ಗುರು," ಎಂದರು. ನೋಡಿದರೆ ತಾನು ಗೇಟಿನ ಗಡಿಯಾರದ ಮುಂದೆ ನಿಂತಿದ್ದಾನೆ. ಕೈಯಲ್ಲಿದ್ದ ಕಾರ್ಡಿನ ಮೇಲೆ ಐದು ಗಂಟೆ ಮೂರು ನಿಮಿಷ ಎಂದು ಆಗಲೇ ಅಚ್ಚು ಬಿದ್ದಿತ್ತು. ಊರಿನ ಕಿವಿಗೆಲ್ಲ ಹತ್ತಿಯಿಟ್ಟ ಮಹಾನುಭಾವ ತನ್ನ ಕಿವಿಯನ್ನೇ ಮರೆತಿದ್ದ.

ಎದ್ದೆನೋ ಬಿದ್ದೆನೋ ಎಂದು ಓಡಿ ಬಂದ. ಆಟ ಆಗಷ್ಟೇ ಮುಗಿದಿತ್ತು, ಗೆದ್ದಿದ್ದರು. ಮ್ಯಾನೇಜರು ಅವನ ಕೈಯಿಂದ ಕಾರ್ಡು ತೆಗೆದುಕೊಂಡು ಕನ್ನಡಕ ಏರಿಸಿದರು.

"ಐದೂ ಮೂರಕ್ಕೆ ಡ್ಯೂಟಿ ಮುಗ್ಸಿದ್ದೀರ. ನಾವು ಗೆದ್ದಿದ್ದು ಐದೂ ಆರಕ್ಕೆ. ಆವಾಗ ಟೀಮಿಗೆ ಕೋಚೇ ಇರ್ಲಿಲ್ಲ ಕಣ್ರೀ."

"ಹತ್ತಿ ಇಟ್ಟಾಂವ ನಾನರೀ ಸಾಹೇಬ್ರ."

"ಇರ್ಬೋದು. ಕೋಚ್ ಇಲ್ದೇನೂ ಗೆಲ್ತಾರೆ ಅಂತ ಗೊತ್ತಾಯ್ತಲ್ಲ. ಸೋಮವಾರ ಫೌಂಡ್ರಿಗೆ ಬಂದ್ಬಿಡಿ."

ಮ್ಯಾನೇಜರು ಹೋದರು, ರೆಫರಿ ಹೋದ, ಹೆಬ್ಬಾಳದವರೂ ಲಾರಿ ಹತ್ತಿದರು. ಮೈದಾನದಲ್ಲಿ ಅವನ ಹನ್ನೊಂದು ಜನ ಮಾತ್ರ ಇನ್ನೂ ಆಡುತ್ತಿದ್ದರು. ಕೊನೆಯ ಸೀಟಿ ಅವರಿಗೆ ಕೇಳಿಸಿರಲಿಲ್ಲ. ಎದುರಾಳಿಗಳು ಎಲ್ಲಿ ಮಾಯವಾದರೆಂದು ಅನುಮಾನವಿದ್ದರೂ ಕೋಚ್ ಹೇಳದೆ ನಿಲ್ಲಿಸುವಂತಿರಲಿಲ್ಲ. ಗಯಾಸ್ ದೂರದಿಂದಲೇ, ನಿಲ್ಲಿಸೋದಾ ಎಂದು ಕೈಸನ್ನೆ ಮಾಡಿ ಕೇಳಿದ.

ವೀರಬಸಪ್ಪ ಗೆರೆಯ ಪಕ್ಕ ಹುಲ್ಲಿನ ಮೇಲೆ ನಿಂತು, ಬೇಡ ಎಂದು ತಲೆಯಾಡಿಸಿ, ಎಂದಿನಂತೆ ಬೈಯಲು ಶುರು ಮಾಡಿದ.

"ಎಡಕ್ಕ ನೋಡ್ರಲೇ, ಎಡಕ್ಕ."