ಶ್ರೀನಿವಾಸಪುರದ ರಸ್ತೆಯೇ ಆಗಬೇಕು

"ಮಾಲೂರಾದ್ರೆ ನಾನು ಬರಲ್ಲ," ಎನ್ನುತ್ತ ಭಾರ್ಗವ್ ಟೀ ಲೋಟವನ್ನು ಸ್ಟೂಲಿನ ಮೇಲಿಡಲು ಹೋದ. ಲೋಟ ಅಂಚಿಗೆ ತಾಗಿ ನೆಲಕ್ಕೆ ಬಿದ್ದು ಚೂರಾಯಿತು.

"ಹೋಯ್ತು ಇನ್ನೊಂದು," ಎಂದ ಜುಲ್ಫಿಕರ್. ಚಕ್ರದ ಕಡ್ಡಿ ಬಿಗಿಸುತ್ತಿದ್ದವನು ತಲೆ ಕೂಡ ಎತ್ತಲಿಲ್ಲ. "ನಾಳೆಯಿಂದ ನಿಂಗೆ ಸ್ಟೀಲ್ ಲೋಟಾನೇ ಭಾಯ್. ಸಿಟ್ಟು ಬಂದಾಗೆಲ್ಲ ಒಡೆಯೋಕೆ ಇದೇನು ಮಾವನ ಮನೇನಾ?"

ಸಿಟ್ಟು ಅಂದುಕೊಂಡನಲ್ಲ, ಸದ್ಯ, ಎಂದು ಭಾರ್ಗವ್ ಬಗ್ಗಿ ಚೂರು ಆಯತೊಡಗಿದ.

ಎರಡು ಸಾವಿರದ ಎಂಟನೇ ಇಸವಿಯ ಜನವರಿ. ಕೋಲಾರದಲ್ಲಿ ಜುಲ್ಫಿಕರ್‌ನ ಸೈಕಲ್ ಅಂಗಡಿಯೇ ಇವರ ಕ್ಲಬ್ಬು, ಕಚೇರಿ, ಕಟ್ಟೆ ಎಲ್ಲ. ಭಾನುವಾರ ಬೆಳಿಗ್ಗೆ ಸೈಕಲ್ ತುಳಿದು ಬಂದು ಇಲ್ಲಿ ಟೀ ಕುಡಿದು, ಸಾಕಾಗುವಷ್ಟು ಜಗಳ ಆಡಿ ಮನೆಗೆ ಹೋಗುವುದು ವಾಡಿಕೆ. ಭಾರ್ಗವ್ ಮುಳಬಾಗಿಲಿನ ಒಂದು ಸಹಕಾರ ಸಂಘದಲ್ಲಿ ಅಕೌಂಟೆಂಟು. ಮೂರನೆಯವನು ಚಂದ್ರಶೇಖರ, ಮಾಲೂರಿನಲ್ಲಿ ಇಟ್ಟಿಗೆ ಗೂಡು ನಡೆಸುವವನು. ವಯಸ್ಸಿನಲ್ಲಿ ಹಿರಿಯನಾದ್ದರಿಂದ ಇವರಿಗೆ ಚಂದ್ರಣ್ಣ. ರೇಸಿನ ಯಜಮಾನಿಕೆ ಅವನದೇ.

ರೇಸು ಅಂದರೆ ಟ್ರಯಥ್ಲಾನ್. ಕೆರೆಯಲ್ಲಿ ಹೆಚ್ಚು ಕಡಿಮೆ ಎರಡು ಕಿಲೋಮೀಟರ್ ಈಜಬೇಕು, ಒದ್ದೆ ಮೈಯಲ್ಲೇ ಸೈಕಲ್ ಹತ್ತಿ ತೊಂಬತ್ತು ಕಿಲೋಮೀಟರ್ ತುಳಿಯಬೇಕು, ಇಳಿದವರೇ ಇಪ್ಪತ್ತೊಂದು ಕಿಲೋಮೀಟರ್ ಓಡಬೇಕು. ಪೂರ್ತಿ ದೂರದ ರೇಸು ಇದರ ಎರಡರಷ್ಟು ಇರುತ್ತದಂತೆ, ಇವರದು ಅರ್ಧ ದೂರದ್ದು. ಆ ಅರ್ಧವೇ ಮನುಷ್ಯನನ್ನು ಹಿಂಡಿ ಹಾಕುತ್ತಿತ್ತು. ಊರಿನವರು ಇದಕ್ಕೆ ಹುಚ್ಚರ ಓಟ ಎಂದು ಹೆಸರಿಟ್ಟಿದ್ದರು, ತಪ್ಪೇನೂ ಇರಲಿಲ್ಲ. ಮೊದಲ ವರ್ಷ ಮುಳಬಾಗಿಲು, ಮರುವರ್ಷ ಮಾಲೂರು, ಹೋದ ವರ್ಷ ಶ್ರೀನಿವಾಸಪುರ ಎಂದು ಮೂರು ಕಡೆ ನಡೆಸಿ ಆಗಿತ್ತು. ಈ ಸಲ ಫೆಬ್ರವರಿ ಕೊನೆಗೆ ನಾಲ್ಕನೆಯದು. ಎಲ್ಲಿ ಎನ್ನುವುದೇ ತಗಾದೆ.

"ಮಾಲೂರಿಗೇನಪ್ಪ ಬಂದಿರೋದು?" ಚಂದ್ರಣ್ಣ ಬೆಂಚಿನ ಮೇಲೆ ಕಾಲು ಮಡಿಸಿ ಕೂತ. "ಕೆರೆಗೆ ಮೆಟ್ಟಿಲೈತೆ, ನೀರು ತಿಳಿ. ರಸ್ತೆ ಅಂಗೈ ತರ. ಟೇಕಲ್ ಕಡೆ ಬಂಡೆ ನೋಡ್ಕಂಡು ತುಳೀತಿದ್ರೆ ದೂರಾನೇ ಗೊತ್ತಾಗಲ್ಲ. ಬೆಂಗಳೂರಿನೋರು ರೈಲಲ್ಲಿ ಸೈಕಲ್ ಹಾಕ್ಕೊಂಡು ಬಂದು ಇಳೀತಾರೆ. ನಿಮ್ಮೆಲ್ಲರ ಒಳ್ಳೇ ಟೈಮು ಬಂದಿದ್ದು ಎಲ್ಲಿ? ಮಾಲೂರಲ್ಲಿ."

"ಜೊತೆಗೆ ನಿಮ್ಮ ಇಟ್ಟಿಗೆ ಲಾರಿಗಳ ಧೂಳು," ಎಂದ ಜುಲ್ಫಿಕರ್. "ರೇಸು ಮುಗ್ಸಿ ಮನೆಗೆ ಹೋದ್ರೆ ನನ್ನ ಹೆಂಡ್ತಿ ಸಿದ್ರಾನೇ ನನ್ನ ಗುರುತು ಹಿಡೀಲಿಲ್ಲ. ಮುಳಬಾಗಿಲೇ ನಿಜವಾದ ರೇಸು ಚಂದ್ರಣ್ಣ. ನಂಗಲಿ ಕಡೆಯಿಂದ ಎದುರುಗಾಳಿ ಹೊಡೆಯುತ್ತೆ ನೋಡಿ, ಆಗ ಗೊತ್ತಾಗುತ್ತೆ ಯಾರು ಗಂಡಸು ಅಂತ. ಆವಣಿ ಬೆಟ್ಟದ ಬುಡದಲ್ಲಿ ಓಟ. ಕೊನೇಲಿ ದರ್ಗಾ ಹತ್ರ ಜನ ಶರಬತ್ತು ಹಿಡ್ಕೊಂಡು ನಿಂತಿರ್ತಾರೆ. ಅಂಥ ಶರಬತ್ತು ಮಾಲೂರಲ್ಲಿ ಕೊಡ್ತಾರಾ?"

"ಹೈವೇ ಅಗಲ ಮಾಡೋಕೆ ಅಗೆದು ಹಾಕವ್ರೆ. ಗುಂಡೀಲಿ ಬಿದ್ರೆ ಶರಬತ್ತೇ ಕುಡಿಸ್ಬೇಕು ಬಾಯಿಗೆ."

ಇಬ್ಬರೂ ನಕ್ಕರು. ಭಾರ್ಗವ್ ನಗಲಿಲ್ಲ.

"ಶ್ರೀನಿವಾಸಪುರ," ಎಂದ. "ನೆರಳಿದೆ. ಯಲ್ದೂರು ದಾಟಿದ್ಮೇಲೂ ಎರಡೂ ಕಡೆ ಮಾವಿನ ತೋಪು. ಲಾರಿ ಇಲ್ಲ. ತಿರುವು ಕಮ್ಮಿ. ಹೋದ ವರ್ಷ ಯಾರಾದ್ರೂ ಬಿದ್ರಾ ಹೇಳಿ? ಒಬ್ರೂ ಬೀಳ್ಲಿಲ್ಲ."

"ಕೆರೆ ತುಂಬ ಜೊಂಡು. ಕಾಲಿಗೆ ಸುತ್ಕೊಂಡು ಅರ್ಧ ಜನ ವಾಪಸ್ ಬಂದ್ರಲ್ಲೋ," ಎಂದ ಚಂದ್ರಣ್ಣ.

"ಜೊಂಡು ನಾನು ಕೀಳಿಸ್ತೀನಿ. ಒಬ್ಬನೇ ಇಳಿದು ಕೀಳ್ತೀನಿ ಬೇಕಾದ್ರೆ. ಶ್ರೀನಿವಾಸಪುರದ ರಸ್ತೆಯೇ ಆಗಬೇಕು ಚಂದ್ರಣ್ಣ. ಬೇರೆ ಕಡೆ ಆದ್ರೆ ನನ್ನ ಬಿಟ್ಬಿಡಿ." ಅವನು ಮುಖ ತಿರುಗಿಸಿ ತೋಳಿನಿಂದ ಕಣ್ಣು ಒರೆಸಿಕೊಂಡದ್ದು ಇಬ್ಬರಿಗೂ ಕಂಡಿತು. ಒಂದು ರೇಸಿನ ಜಾಗಕ್ಕೆ ಇಷ್ಟೊಂದೇ ಎಂದು ಚಂದ್ರಣ್ಣ ಕಣ್ಣು ಕಿರಿದು ಮಾಡಿ ನೋಡಿದ. ಮುಂದಿನ ಭಾನುವಾರ ತೀರ್ಮಾನ ಮಾಡೋಣ ಎಂದು ಎದ್ದ.

ಭಾರ್ಗವ್ ಯಾರಿಗೂ ಹೇಳದ ಸಂಗತಿ ಇಷ್ಟೇ. ದಸರಾ ಮುಗಿದ ಮೇಲೆ ಅವನು ಬೆಂಗಳೂರಿನಲ್ಲಿ ಕಣ್ಣಿನ ಡಾಕ್ಟರನ್ನು ನೋಡಿ ಬಂದಿದ್ದ. ಸಂಜೆಯಾದರೆ ಮೆಟ್ಟಿಲು ಕಾಣುವುದಿಲ್ಲ, ಕನ್ನಡಕ ಕೊಡುತ್ತಾರೆ ಎಂದುಕೊಂಡು ಹೋಗಿದ್ದ. ಕಣ್ಣಿನ ಒಳಪರದೆ ಅಂಚಿನಿಂದ ಸಾಯುತ್ತ ಬರುತ್ತಿದೆ, ಇದಕ್ಕೆ ಔಷಧಿ ಇಲ್ಲ, ಪಕ್ಕದ ನೋಟ ಆಗಲೇ ಹೋಗಿದೆ, ನೇರ ಎದುರಿನದು ಇನ್ನು ಕೆಲವು ವರ್ಷ ಉಳಿದೀತು ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಗಾಡಿ ಓಡಿಸಬೇಡಿ ಎಂದರು. ಸೈಕಲ್ಲು ಓಡಿಸಬಹುದಾ ಎಂದು ಕೇಳಿದ. ಸೈಕಲ್ಲೂ ಗಾಡಿಯೇ ಅಲ್ಲವೇ ಎಂದರು.

ಅವತ್ತಿನಿಂದ ಅವನ ಬದುಕೇ ಒಂದು ಲೆಕ್ಕಾಚಾರವಾಗಿತ್ತು. ಒಂದು ಸಲ, ಇನ್ನು ಒಂದೇ ಒಂದು ಸಲ ರೇಸು ಮುಗಿಸಬೇಕು. ಆಮೇಲೆ ಕಣ್ಣು ಹಾಳಾಗಿ ಹೋಗಲಿ. ಕೆರೆಯಲ್ಲಿ ಮುಂದಿನವನ ಕಾಲು ಬಡಿಯುವ ಸದ್ದು ಹಿಡಿದು ಈಜಬಹುದು. ಓಡುವಾಗ ನೆಲ ನೋಡಿಕೊಂಡು ಓಡಬಹುದು. ಉಳಿದದ್ದು ಸೈಕಲ್ಲು. ಮಾಲೂರಿನಲ್ಲಿ ಲಾರಿಗಳು ಎಲ್ಲಿಂದಲೋ ನುಗ್ಗುತ್ತವೆ, ಮುಳಬಾಗಿಲಿನಲ್ಲಿ ಪೇಟೆಯ ನಡುವೆ ಹಾಯಬೇಕು. ಶ್ರೀನಿವಾಸಪುರದ ರಸ್ತೆ ಮಾತ್ರ ಅವನ ಮೈಗೆ ಗೊತ್ತಿತ್ತು. ಎಲ್ಲಿ ಏರು, ಎಲ್ಲಿ ಮೋರಿ, ಎಲ್ಲಿ ಟಾರು ಕಿತ್ತಿದೆ, ಎಲ್ಲವೂ ಕಾಲಿಗೆ ಬಾಯಿಪಾಠ. ಎದುರಿನ ಒಂದು ತುಂಡು ರಸ್ತೆ ಕಂಡರೆ ಸಾಕು, ಪಕ್ಕದಲ್ಲಿ ಏನಿದ್ದರೆ ತನಗೇನು? ಹೀಗೆ ತನ್ನನ್ನು ತಾನೇ ನಂಬಿಸಿಕೊಂಡಿದ್ದ. ಆಸೆ ಅನ್ನುವುದು ಲೆಕ್ಕ ಬಲ್ಲವನ ಬಾಯನ್ನೂ ಮುಚ್ಚಿಸುತ್ತದೆ.

ಗುರುವಾರ ರಜೆ ಹಾಕಿ ಒಬ್ಬನೇ ಆ ರಸ್ತೆಗೆ ಹೋದ. ಯಾರಿಗೆ ತೋರಿಸಬೇಕಿತ್ತು ಎಂದರೆ ತನಗೇ ತೋರಿಸಬೇಕಿತ್ತು. ಮಂಜು ಕರಗಿ ಬಿಸಿಲು ಬಂದಿತ್ತು. ತೋಪುಗಳಲ್ಲಿ ಮಾವು ಹೂ ಬಿಟ್ಟ ಒಗರು ವಾಸನೆ. ಶ್ರೀನಿವಾಸಪುರ ಬಿಟ್ಟವನು ಯಲ್ದೂರಿನವರೆಗೂ ಹಾಯಾಗಿ ತುಳಿದ. ಎದುರಿಗೆ ಬಂದ ಬಸ್ಸು ಕಂಡಿತು, ದಾರಿ ಬಿಟ್ಟ. ದಾಟುತ್ತಿದ್ದ ಮೇಕೆ ಕಂಡಿತು, ಬ್ರೇಕು ಹಾಕಿದ. ಡಾಕ್ಟರಿಗೆ ಏನು ಗೊತ್ತು ಈ ರಸ್ತೆಯ ವಿಷಯ ಎಂದು ಜೋರಾಗಿಯೇ ಅಂದುಕೊಂಡ. ಎಷ್ಟೋ ದಿನಗಳ ಮೇಲೆ ಅವನಿಗೆ ಖುಷಿಯಾಗಿತ್ತು.

ಊರು ದಾಟಿ ಸ್ವಲ್ಪ ದೂರದಲ್ಲಿ ಮೋರಿಯ ಮೇಲಿನ ಟಾರು ಕಿತ್ತಿತ್ತು. ಅಲ್ಲಿ ಯಾವಾಗಲೂ ನಿಧಾನ ಮಾಡುತ್ತಿದ್ದ, ಅವತ್ತೂ ಮಾಡಿದ. ಮೋರಿ ದಾಟಿ ಪೆಡಲು ಒತ್ತಿದ್ದೇ ತಡ, ಎಡಗೈಗೆ ಏನೋ ಬಡಿಯಿತು. ಸೈಕಲ್ಲು ಒಂದು ಕಡೆ ಬಿತ್ತು, ಅವನೊಂದು ಕಡೆ ಬಿದ್ದ. ತಗಡಿನ ಕ್ಯಾನು ಡಣಡಣ ಉರುಳಿತು. ಎದ್ದು ನೋಡಿದರೆ ರಸ್ತೆಯ ಮೇಲೆ ಹಾಲು ಹರಿಯುತ್ತಿತ್ತು, ಒಬ್ಬ ಮುದುಕಿ ಮೊಣಕೈ ಹಿಡಿದುಕೊಂಡು ಕೂತಿದ್ದಳು.

"ಅಯ್ಯೋ ದೇವುಡಾ! ಏನಪ್ಪಾ ನೀನು!" ಎಂದಳು. ಹೆಸರು ಕೃಷ್ಣಮ್ಮ, ಡೇರಿಗೆ ಹಾಲು ಹಾಕಲು ಹೊರಟಿದ್ದವಳು. "ನೀನ್ ನಿಧಾನ ಮಾಡ್ದೆಯಲ್ಲ ನಾಯ್ನಾ? ನನ್ನ ನೋಡ್ದೆ, ದಾರಿ ಬಿಟ್ಟೆ ಅಂದ್ಕಂಡೇ ನಾನು ದಾಟಿದ್ದು. ಆಮೇಲೆ ಮೈಮೇಲೇ ತಂದ್ಬಿಟ್ಯಲ್ಲ!"

"ತಪ್ಪಾಯ್ತಮ್ಮ, ತಪ್ಪಾಯ್ತು," ಎಂದು ಭಾರ್ಗವ್ ಅವಳ ಮುಂದೆ ಮಂಡಿಯೂರಿ ಕೂತ. ತೋಳು ಮಡಿಸಿ, ಬಿಡಿಸಿ ನೋಡಿದ. ಮೂಳೆಗೆ ಏಟಾಗಿರಲಿಲ್ಲ. ಚರ್ಮ ಸುಲಿದಿತ್ತು. ಹಾಲಿನ ದುಡ್ಡು ಕೊಡುತ್ತೇನೆ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಒಂದೇ ಸಮನೆ ಬಡಬಡಿಸಿದ. ಆಟೋ ಸಿಗುತ್ತದೇನೋ ನೋಡುತ್ತೇನೆ ಎಂದು ಎದ್ದು ತಿರುಗಿದ.

"ಏಯ್, ಮೆಟ್ಟೀಯ! ಪಾಪ ಅಲ್ಲೇ ನಿಂತದೆ ನೋಡು!"

ಭಾರ್ಗವ್ ಎತ್ತಿದ ಕಾಲನ್ನು ಹಾಗೇ ಹಿಡಿದ. ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಬಗ್ಗಿಸಿ ನೋಡಿದ. ಅವನ ಪಕ್ಕದಲ್ಲೇ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ನಾಲ್ಕೈದು ವರ್ಷದ ಹೆಣ್ಣು ಮಗು ನಿಂತಿತ್ತು. ಕೆಂಪು ಸ್ವೆಟರು, ಹಣೆಯಲ್ಲಿ ದೊಡ್ಡ ಕಪ್ಪು ಬೊಟ್ಟು. ಬಿದ್ದಾಗಿನಿಂದ ಅದು ಅಲ್ಲೇ ನಿಂತಿತ್ತು. ಹೆದರಿ ಅಳುವುದನ್ನೂ ಮರೆತಿತ್ತು. ಅಜ್ಜಿಯ ಇನ್ನೊಂದು ಕೈ ಹಿಡಿದು ಬರುತ್ತಿದ್ದ ಮೊಮ್ಮಗಳಂತೆ. ಅಜ್ಜಿ ಒಂದು ಹೆಜ್ಜೆ ಹಿಂದಿದ್ದಿದ್ದರೆ ಸೈಕಲ್ಲು ಬಡಿಯುತ್ತಿದ್ದದ್ದು ಯಾರಿಗೆ ಎಂದು ಅವನು ಯೋಚಿಸಿದ. ರಸ್ತೆ ಬದಿಗೆ ಹೋಗಿ ಕಾರಿಕೊಂಡ.

"ಅದ್ಯಾಕಪ್ಪ ಹಂಗಾಡ್ತೀಯ, ಏನೂ ಆಗಿಲ್ಲ ಬಿಡು," ಎಂದು ಕೊನೆಗೆ ಕೃಷ್ಣಮ್ಮನೇ ಅವನ ಬೆನ್ನು ಸವರಿದಳು. ಅವರಿಬ್ಬರನ್ನು ಆಟೋ ಹತ್ತಿಸಿ, ತಾನೂ ಜೊತೆಗೆ ಹೋಗಿ ಬ್ಯಾಂಡೇಜು ಕಟ್ಟಿಸಿ, ಅವನು ಮುಳಬಾಗಿಲಿಗೆ ಬಸ್ಸಿನ ಮೇಲೆ ಸೈಕಲ್ಲು ಹಾಕಿಕೊಂಡು ಬಂದ.

ಮನೆಯಲ್ಲಿ ಹೆಂಡತಿ ಮೃದುಲಾ ಅವನ ಕೈಗೆ ಮುಲಾಮು ಹಚ್ಚುತ್ತ, "ಎಲ್ಲಿ ಬಿದ್ರಿ?" ಎಂದಳು.

"ಕಲ್ಲು ಸಿಕ್ತು."

"ದಿನಕ್ಕೊಂದು ಕಡೆ ಎಡವ್ತೀರ. ರೇಸಿನ ಯೋಚನೇಲಿ ಮೈಮೇಲೆ ಪ್ರಜ್ಞೆನೇ ಇಲ್ಲ ನಿಮ್ಗೆ." ಅವಳು ಹತ್ತಿಯನ್ನು ಮಡಿಸಿಟ್ಟಳು. "ಈ ಸಲ ನಾವೂ ಬರ್ತೀವಿ ಕಣ್ರೀ. ನಿಮ್ಮ ಮಗಳು ಸೌಪರ್ಣಿಕಾ ಒಂದೇ ಹಟ ಮಾಡ್ತಿದಾಳೆ. ಶ್ರೀನಿವಾಸಪುರಾನೇ ಆದ್ರೆ ಯಲ್ದೂರ್ ಹತ್ರ ರಸ್ತೆ ಪಕ್ಕದಲ್ಲೇ ನಿಂತ್ಕೋತೀವಿ. ನೀವು ಹೋಗ್ತಾ ಕೈ ಬೀಸಿದ್ರೆ ಸಾಕಂತೆ ಅವ್ಳಿಗೆ."

ಮೂರು ರಾತ್ರಿ ಭಾರ್ಗವ್‌ಗೆ ನಿದ್ದೆ ಹತ್ತಲಿಲ್ಲ. ಹೇಳದೆ ಇದ್ದರೆ ಏನಾಗುತ್ತದೆ, ರೇಸಿನ ದಿನ ರಸ್ತೆ ಖಾಲಿ ಮಾಡಿಸಿರುತ್ತಾರಲ್ಲ, ಒಂದೇ ದಿನ ತಾನೇ ಎಂದು ಮನಸ್ಸು ನಾಚಿಕೆಯಿಲ್ಲದೆ ಚೌಕಾಸಿ ಮಾಡುತ್ತಿತ್ತು. ಕಣ್ಣು ಮುಚ್ಚಿದರೆ ಕೆಂಪು ಸ್ವೆಟರು ಕಾಣುತ್ತಿತ್ತು.

ಭಾನುವಾರ ಅವನು ಅಂಗಡಿಗೆ ಬಸ್ಸಿನಲ್ಲಿ ಬಂದ. ಒಳಗೆ ಕಾಲಿಡುತ್ತಿದ್ದಂತೆ ಚಂದ್ರಣ್ಣ ಚಪ್ಪಾಳೆ ತಟ್ಟಿದ.

"ಬಾರೋ ಸೋಮಾರಿ! ಗೆದ್ದೆ ಕಣೋ ನೀನು. ಶ್ರೀನಿವಾಸಪುರಾನೇ. ಪೊಲೀಸ್ನೋರ ಹತ್ರಾನೂ ಮಾತಾಡಿ ಬಂದಿದೀನಿ."

"ನಾನೇ ಒಪ್ಪಿಸಿದ್ದು," ಎಂದ ಜುಲ್ಫಿಕರ್, ಬಟ್ಟೆಯಲ್ಲಿ ಕೈ ಒರೆಸುತ್ತ. "ವಾರ ಪೂರ್ತಿ ಇವ್ರ ತಲೆ ತಿಂದೆ. ನಮ್ಮ ಮುಳಬಾಗಿಲು ಬಿಟ್ಕೊಟ್ಟೆ, ನೋಡು, ನಿನಗೋಸ್ಕರ. ಅವತ್ತು ನಿನ್ನ ಮುಖ ನೋಡಕ್ಕಾಗ್ಲಿಲ್ಲ ಭಾಯ್. ಜೊಂಡು ಕೀಳೋಕೆ ನಾನೂ ಇಳೀತೀನಿ."

ಭಾರ್ಗವ್ ಸ್ಟೂಲಿನ ಮೇಲೆ ಕೂತ. ತಾನು ಇಷ್ಟು ದಿನ ಬಯಸಿದ್ದನ್ನು ಇಬ್ಬರೂ ನಗುತ್ತ ನಗುತ್ತ ತಂದು ಕೈಗಿಟ್ಟಿದ್ದರು. ತೆಗೆದುಕೊಂಡರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಮಾಲೂರಲ್ಲೇ ಮಾಡಿ ಚಂದ್ರಣ್ಣ," ಎಂದ.

"ಏನಂದೆ?"

"ಎಲ್ಲಿ ಬೇಕಾದ್ರೂ ಮಾಡಿ. ನಾನು ಸೈಕಲ್ ಹತ್ತಲ್ಲ."

"ಲೇ, ಏನ್ಲಾ ಆಟ ಆಡ್ತಿದೀಯ? ಕಣ್ಣೊರೆಸ್ಕೊಂಡು ಅತ್ತೆಯಲ್ಲೋ ಇಲ್ಲೇ ಕೂತು?" ಚಂದ್ರಣ್ಣನಿಗೆ ನಗುವುದೋ ಬೈಯುವುದೋ ತಿಳಿಯಲಿಲ್ಲ.

ಹೇಳಿಬಿಡಬೇಕು ಎಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೇ ಬಂದಿದ್ದ. ಈಗ ಒಂದೂ ಬಾಯಿಗೆ ಬರಲಿಲ್ಲ. "ಜುಲ್ಫಿ," ಎಂದ, "ನನ್ನ ಎಡಗಡೆ ಬಂದು ನಿಂತ್ಕೋ. ಕಿವಿ ಹತ್ರ ಕೈ ಎತ್ತಿ ಹಿಡಿ. ಅಲ್ಲಿಂದ ಮೆಲ್ಲಗೆ ನನ್ನ ಮುಖದ ಮುಂದಕ್ಕೆ ತಾ. ನಾನು ಚಂದ್ರಣ್ಣನ್ನೇ ನೋಡ್ತಿರ್ತೀನಿ. ನಿನ್ನ ಕೈ ಕಂಡ ತಕ್ಷಣ ನಿಲ್ಲು ಅಂತೀನಿ."

"ಇದ್ಯಾವ ಮದಾರಿ ಆಟ ಭಾಯ್, ಕೋತಿ ಆಡ್ಸೋರ ಥರ?" ಜುಲ್ಫಿಕರ್‌ನ ನಗು ಎಡಗಡೆಗೆ ಸರಿದು ಬಂದದ್ದು ಕೇಳಿಸಿತು.

ಭಾರ್ಗವ್ ಚಂದ್ರಣ್ಣನ ಮುಖವನ್ನೇ ನೋಡುತ್ತ ಕೂತ. ಸುತ್ತ ಏನೂ ಇಲ್ಲದ ಕಡೆ ಅದೊಂದೇ ಮುಖ ಸ್ಪಷ್ಟವಾಗಿತ್ತು. ಎಲೆಯಡಿಕೆಯ ಕೆಂಪು ತುಟಿ, ಮೀಸೆಯಲ್ಲಿ ಒಂದೆರಡು ಬಿಳಿ ಕೂದಲು, ತಮಾಷೆ ನೋಡಲು ಕಾದಿರುವ ಕಣ್ಣು. ಆ ಕಣ್ಣು ಮೊದಲು ಭಾರ್ಗವ್‌ನ ಕಿವಿಯ ಕಡೆ ಇತ್ತು. ಸ್ವಲ್ಪ ಹೊತ್ತಿಗೆ ಕೆನ್ನೆಯ ಕಡೆಗೆ ಬಂತು. ತುಟಿಯ ಮೇಲಿನ ನಗು ಅಲ್ಲೇ ನಿಂತಿತು. ಕಣ್ಣು ಇನ್ನೂ ಮುಂದಕ್ಕೆ ಬಂತು. ನಗು ಇರಲಿಲ್ಲ.

"ಶುರು ಮಾಡೋ ಜುಲ್ಫಿ," ಎಂದ ಭಾರ್ಗವ್.

ಚಂದ್ರಣ್ಣನ ಕಣ್ಣು ತುಂಬಿಕೊಳ್ಳುತ್ತಿತ್ತು. ಆಮೇಲೆ ಜುಲ್ಫಿಕರ್‌ನ ಕೈಯ ಗ್ರೀಸಿನ ವಾಸನೆ ಬಂತು, ತೀರ ಹತ್ತಿರದಿಂದ.