ಸೌಟಿನ ಸಪ್ಪಳ

ಸಾವಂತ್ರವ್ವ ಸೊಸೆಗೆ ಒಂದು ಬಿರುಸು ಮಾತೂ ಆಡಿದವಳಲ್ಲ ಎಂದು ಬೆಳಗಾವಿಯ ಟಿಳಕವಾಡಿಯ ಆ ಓಣಿಗೆಲ್ಲ ಗೊತ್ತು. ಆಡುವ ಅಗತ್ಯವಾದರೂ ಎಲ್ಲಿತ್ತು? ಸಾರಿನ ರುಚಿ ನೋಡಿ, ಮನಸ್ಸಿಗೆ ಬಾರದಿದ್ದರೆ ಸೌಟನ್ನು ಪಾತ್ರೆಯ ಅಂಚಿಗೆ ಟಣ್ ಎಂದು ಬಡಿಯುತ್ತಿದ್ದಳು, ಅಷ್ಟೇ. ಮದುವೆಯಾಗಿ ಬಂದಾಗಿನಿಂದ ಕಾಂತಾ ಆ ಸಪ್ಪಳಕ್ಕೆ ಜೀವ ಕೈಯಲ್ಲಿ ಹಿಡಿದುಕೊಂಡೇ ಅಡುಗೆ ಮಾಡಿದವಳು. ಈಚೆಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು, ಹಾಲಿಟ್ಟದ್ದನ್ನೇ ಮರೆಯುತ್ತಿದ್ದಳು. ಒಮ್ಮೆ ಗ್ಯಾಸ್ ಆರಿಸದೆ ಹೊರಬಿದ್ದ ಮೇಲೆ ಗಂಡ ಪ್ರಸಾದ ಡಾಕ್ಟರಿಗೆ ತೋರಿಸಲು ಹೊರಟ.

ಅವಳು ಮಾಸ್ತರಿಕೆ ಮಾಡುವ ಖಾನಾಪುರದ ಶಾಲೆಯಲ್ಲಿ ಮಾತ್ರ ಇದೇ ಕಾಂತಾ ಬೇರೆ ಹೆಂಗಸು. ಬಸ್ಸು ಬೆಳಗಾವಿ ದಾಟುತ್ತಲೇ ತಲೆ ತಿಳಿಯಾಗುತ್ತಿತ್ತು. ಹಾಜರಿ ನೋಡದೆ ಎಲ್ಲ ಮಕ್ಕಳ ಹೆಸರು ಕೂಗುತ್ತಿದ್ದಳು. ಮರಾಠಿ ಮನೆಯ ಎರಡು ಜಡೆಯ ಹುಡುಗಿ ಸಾಕ್ಷಿಗೆ ಮರಾಠಿಯಲ್ಲೇ ಲೆಕ್ಕ ತಿಳಿಸುತ್ತಿದ್ದಳು. ಇದನ್ನು ಡಾಕ್ಟರಿಗೆ ಹೇಳಲೇಬೇಕು ಎಂದುಕೊಂಡಿದ್ದಳು. ಆದರೆ ಹಿರಿಯರು ಕೂತಲ್ಲಿ ಸೊಸೆ ಬಾಯಿ ತೆರೆಯುವ ಪದ್ಧತಿ ಆ ಮನೆಯಲ್ಲಿಲ್ಲ, ಮತ್ತು ಹಿರಿಯರು ಜೊತೆಗೇ ಬಂದಿದ್ದರು.

"ಎಲ್ಲಿ ಮರೀತೀರಿ? ಮನ್ಯಾಗೋ, ಸಾಲ್ಯಾಗೋ?" ಡಾಕ್ಟರ್ ಮೇಘಾ ಕೇಳಿದ್ದು ಕಾಂತಾಳನ್ನು.

"ಎಲ್ಲಾ ಕಡೆನೂ ಹಂಗ ರೀ," ಎಂದಳು ಸಾವಂತ್ರವ್ವ. "ದಿನಾ ಬಸ್ಸಿನ್ಯಾಗ ಅಡ್ಡಾಡಿ ಅಡ್ಡಾಡಿ ತಲಿ ಕೆಟ್ಟೈತಿ."

ಪ್ರಸಾದ ಹೂಂಗುಟ್ಟಿದ. ಕಾಂತಾ ಸೆರಗಿನ ತುದಿ ಸುತ್ತುತ್ತ ಕೂತಳು.

"ಅಂಜಿಕಿ, ಕಾಳಜಿ ಆದಾಗ ಕಿಡ್ನಿ ಮ್ಯಾಲಿನ ಗ್ರಂಥಿಯಿಂದ ಕಾರ್ಟಿಸೋಲ್ ಅಂತ ಹಾರ್ಮೋನ್ ಬರತೈತಿ," ಮೇಘಾ ತಿಳಿಸಿ ಹೇಳಿದಳು. "ಆ ಹೊತ್ತಿಗೆ ಅದು ಛಲೋನ. ವರ್ಷಗಟ್ಟಲೆ ದಿನಾ ಉಕ್ಕಿದ್ರ ಮಿದುಳಿನ್ಯಾಗ ನೆನಪಿನ ಜಾಗಾದ ಜೀವಕೋಶಗಳ ಟೊಂಗಿ ಮುದುಡತಾವ. ಅಂಜಿಕಿ ಜಾಗಾದ್ವು ಮಾತ್ರ ಹಬ್ಬತಾವ. ಒತ್ತಡ ಕಡಿಮಿ ಮಾಡ್ರಿ, ನೆನಪಿನ ಟೊಂಗಿ ಮತ್ತ ಚಿಗೀತಾವ."

ಮನೆಗೆ ಬಂದು ಶಾಲೆ ಬಿಡಿಸಿದರು.

ರಾಜೀನಾಮೆಯನ್ನು ಪ್ರಸಾದನೇ ಬರೆದ. "ಇನ್ನ ಮನ್ಯಾಗ ಅವ್ವನ ಜೋಡಿ ಆರಾಮ ಇರು," ಎಂದ. ಕೆಟ್ಟವನಲ್ಲ, ಹೆಂಡತಿಗೆ ಉಪಕಾರ ಮಾಡಿದೆನೆಂದೇ ನಂಬಿದ್ದ. ಸುಡಲಿ ಆ ಉಪಕಾರ! ಕೊನೆಯ ದಿನ ಕಾಂತಾ ಒಂದೊಂದೇ ಮಗುವನ್ನು ಹೆಸರು ಹಿಡಿದು ಕರೆದು ತಲೆ ಸವರಿದಳು. "ನಾಳೆ ಬರ್ತೀರಿಲ್ರಿ ಅಕ್ಕಾರ?" ಎಂದು ಸಾಕ್ಷಿ ಕೇಳಿದಾಗ ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಂದಳು.

ಮಳೆಗಾಲ ಕಳೆದ ಮೇಲೆ ಮತ್ತೆ ಡಾಕ್ಟರ ಬಳಿ ಹೋದರು. ಮರೆವು ಇನ್ನೂ ಹೆಚ್ಚಾಗಿತ್ತು.

"ಸಾಲಿ ಬಿಡಿಸಿದ್ದು ಛಲೋ ಆತ್ರಿ," ಎಂದಳು ಸಾವಂತ್ರವ್ವ. "ಇಲ್ಲಂದ್ರ ಮಂದಿ ಮುಂದ ಮರ್ಯಾದಿ ಹೋಗತಿತ್ತು."

ಶಾಲೆ ಬಿಟ್ಟ ಮೇಲೂ ಮರೆವು ಹೆಚ್ಚಿದ್ದಕ್ಕೆ ಮೇಘಾಳಿಗೆ ಅನುಮಾನ ಬಂತು. ತಾಯಿ ಮಗ ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದಳು.

"ಈಗ ನೀವ ಹೇಳ್ರಿ, ಕಾಂತಾ ಅವರ. ನಿಮ್ಮ ಸಾಲ್ಯಾಗ ಯಾವ್ಯಾವ ಹುಡುಗರಿದ್ರು?"

ಕೊನೆಗೂ ಅವಳ ಬದಲು ಉತ್ತರ ಹೇಳುವವರು ಯಾರೂ ಇರಲಿಲ್ಲ. ಕಾಂತಾ ಬಾಯಿ ತೆರೆದಳು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ ಕಣ್ಣಿಗೆ ಕಟ್ಟಿತು, ಹೆಸರು ಬರಲಿಲ್ಲ. ಒಂದೂ ಬರಲಿಲ್ಲ.

ಹೊರಗೆ ನರ್ಸ್ ಸ್ಟೀಲ್ ತಟ್ಟೆಯಲ್ಲಿ ಕತ್ತರಿ ಇಟ್ಟ ಟಣ್ ಎಂಬ ಸಪ್ಪಳ ಕೇಳಿತು.

ಕಾಂತಾ ದಡಕ್ಕನೆ ಎದ್ದು ನಿಂತಳು.

"ಉಪ್ಪು ಹೆಚ್ಚಾತೇನ್ರಿ, ಅತ್ತಿಯಾರ?"