ಶಿವದಾರ ಕಟ್ಟಿದ ಕಲ್ಲು

ಹಿತ್ತಾಳೆಯ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ತೊಳೆದು, ಒಂದೊಂದನ್ನೇ ಬಟ್ಟೆಯ ಮೇಲೆ ಬೋರಲು ಹಾಕಿದಳು ಶ್ರೀದೇವಿ. ಗಂಟೆಯನ್ನು ಒರೆಸುವಾಗ ಸದ್ದಾಗದಿರಲೆಂದು ಅದರ ನಾಲಿಗೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಳು. ಕೊನೆಗೆ ಉಳಿದದ್ದು ಕಲ್ಲು. ಅದನ್ನು ನೀರಿಗೆ ಹಿಡಿಯಲಿಲ್ಲ. ಒಣ ಅರಿವೆಯಿಂದ ಮೇಲಿನ ವಿಭೂತಿಯನ್ನು ಒರೆಸಿ, ಅದಕ್ಕೆ ಕಟ್ಟಿದ್ದ ಹಗ್ಗದ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಅಕ್ಕಿಕಾಳನ್ನು ಉಗುರಿನಿಂದ ತೆಗೆದಳು. ಮೂರು ವಾರ ದಿನವೂ ಹಾಲು, ನೀರು ಬಿದ್ದು ಹಗ್ಗ ಮೆತ್ತಗಾಗಿತ್ತು. ಒಂದು ಕಡೆ ಎಳೆ ಬಿಚ್ಚಿಕೊಳ್ಳುತ್ತಿತ್ತು. ಆ ಎಳೆಯನ್ನು ಹೊಸೆದು ಒಳಗೆ ಸೇರಿಸಿದಳು. ಆಮೇಲೆ ಕಲ್ಲನ್ನು ಟವೆಲ್‌ನಲ್ಲಿ ಸುತ್ತಿ, ಒಲೆಯ ಪಕ್ಕದಲ್ಲಿದ್ದ ರಟ್ಟಿನ ಪೆಟ್ಟಿಗೆಯೊಳಗಿಟ್ಟು ಮುಚ್ಚಿದಳು.

ಹಾಲ್‌ನಲ್ಲಿ ಅತ್ತೆ ಬಸಲಿಂಗವ್ವ ಜಮಖಾನೆ ಹಾಸುತ್ತಿದ್ದಳು. ಗಂಡ ಸುನಿಲಕುಮಾರ ಕೆಳಗಿನ ನೆಲಮಾಳಿಗೆಯಿಂದ ಕುರ್ಚಿ ತರಲು ಹೋಗಿದ್ದ. ಹನ್ನೊಂದು ಗಂಟೆಗೆ ಜರ್ಮನಿಯ ಈ ಡ್ರೆಸ್ಡೆನ್ನಿನ ಆರೇಳು ಕನ್ನಡದ ಮನೆಯವರು ಬರುವವರಿದ್ದರು, ಜಪಾನಿನಿಂದ ಬಂದ ಲಿಂಗದ ದರ್ಶನಕ್ಕೆ.

ಆ ಲಿಂಗ ಬಂದ ಕಥೆಯನ್ನು ಬಸಲಿಂಗವ್ವ ಈಗಾಗಲೇ ಫೋನಿನಲ್ಲಿ ಬಾಗಲಕೋಟೆಯವರೆಗೂ ಮುಟ್ಟಿಸಿದ್ದಳು. ಸುನಿಲಕುಮಾರ ಕೆಲಸ ಮಾಡುವ ಚಿಪ್ ಕಾರ್ಖಾನೆ ಅವನನ್ನು ಹತ್ತು ದಿನದ ತರಬೇತಿಗೆ ಜಪಾನಿಗೆ ಕಳಿಸಿತ್ತು. ಊರಿನಿಂದ ಮಗನ ಮನೆಗೆ ಬಂದಿದ್ದ ತಾಯಿಯನ್ನೂ ಹೆಂಡತಿಯನ್ನೂ ಅವನು ಜೊತೆಗೆ ಕರೆದುಕೊಂಡು ಹೋಗಿದ್ದ. ತರಬೇತಿ ಮುಗಿದ ಮೇಲೆ ಎರಡು ದಿನ ಕ್ಯೋಟೋ. ಎರಡು ದಿನದಲ್ಲಿ ಒಂಬತ್ತು ಗುಡಿ, ಒಂಬತ್ತು ತೋಟ. ಎಲ್ಲದಕ್ಕೂ ಅವನೇ ಮೊದಲೇ ಚೀಟಿ ಮಾಡಿಸಿದ್ದ, ಯಾವುದಕ್ಕೆ ಎಷ್ಟು ನಿಮಿಷ ಎಂದು ಫೋನಿನಲ್ಲಿ ಬರೆದಿಟ್ಟುಕೊಂಡಿದ್ದ. ಮುಂದೆ ಅವನು, ಹಿಂದೆ ಚಪಾತಿ, ಶೇಂಗಾ ಚಟ್ನಿ ತುಂಬಿದ ಕೈಚೀಲ ಹಿಡಿದ ಅತ್ತೆ, ಅವರ ಹಿಂದೆ ಶ್ರೀದೇವಿ. ಅವಳಿಗೆ ಯಾವ ಗುಡಿಯ ಹೆಸರೂ ನೆನಪಿಲ್ಲ. ಯಾರೂ ಹೇಳಲಿಲ್ಲ, ಅವಳು ಕೇಳಲಿಲ್ಲ. ಆದರೆ ಕಣ್ಣಿಗೆ ಬಿದ್ದದ್ದನ್ನು ಅವಳು ಮರೆಯುವವಳಲ್ಲ. ಎಂಟನೇ ಇಯತ್ತೆಗೆ ಶಾಲೆ ಬಿಟ್ಟವಳು. ಓದಲು ಪುಸ್ತಕ ಸಿಗದ ವರ್ಷಗಳಲ್ಲೆಲ್ಲ ಜನರ ಮುಖ, ಕೈ, ನಡಿಗೆ ನೋಡಿಕೊಂಡೇ ಬೆಳೆದವಳು.

ಎರಡನೆಯ ದಿನ ಮಧ್ಯಾಹ್ನ ಹೊಕ್ಕ ತೋಟ ಚಿಕ್ಕದು. ಕೆಂಪಾದ ಎಲೆ, ಕೆಳಗೆ ಹಾಸಿದಂತೆ ಹಸಿರು ಪಾಚಿ, ಪಾಚಿಯ ನಡುವೆ ಹೆಜ್ಜೆಗೊಂದರಂತೆ ಹಾಸುಗಲ್ಲು. ಒಂದು ಕಡೆ ದಾರಿ ಎರಡಾಗುತ್ತಿತ್ತು. ಎಡಗಡೆಯ ದಾರಿಯ ಮೊದಲ ಹಾಸುಗಲ್ಲಿನ ಮೇಲೆ ಮೋಸಂಬಿಗಿಂತ ತುಸು ದೊಡ್ಡದಾದ ಒಂದು ದುಂಡನೆಯ ಕಲ್ಲಿತ್ತು. ಅದಕ್ಕೆ ಕರಿಹಗ್ಗವನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಬಿಗಿದು, ನೆತ್ತಿಯ ಮೇಲೆ ಗಂಟು ಹಾಕಿದ್ದರು.

ಬಸಲಿಂಗವ್ವ ನಿಂತಲ್ಲೇ ನಿಂತಳು. ಕೊರಳಲ್ಲಿದ್ದ ತನ್ನ ಇಷ್ಟಲಿಂಗದ ಶಿವದಾರವನ್ನು ಮುಟ್ಟಿಕೊಂಡಳು.

"ಲಿಂಗ ನೆಲಕ್ಕ ಬಿದ್ದೈತಲ್ಲೇ," ಅಂದಳು ಸೊಸೆಗೆ. "ಶಿವದಾರ ಇನ್ನಾ ಹಂಗ ಐತಿ ನೋಡ. ಜನಾ ದಾಟಿಕೊಂತ ಅಡ್ಡಾಡೂ ಜಾಗದಾಗ ಬಿದ್ದೈತಿ."

ಕೊರಳ ಲಿಂಗ ನೆಲಕ್ಕೆ ಬಿದ್ದರೆ ಊಟ ಬಿಟ್ಟು ಕೂರುವ ಮನೆತನ ಅವಳದು. ಅಂಥವಳು ಅದನ್ನು ಅಲ್ಲಿ ಬಿಟ್ಟು ಮುಂದೆ ಹೋದಾಳೇ? ಎರಡೂ ಕೈಯಲ್ಲಿ ಎತ್ತಿ, ಹಣೆಗೆ ಒತ್ತಿಕೊಂಡು, ಚಪಾತಿಯ ಡಬ್ಬಿಯನ್ನು ಸೊಸೆಯ ಕೈಗೆ ಕೊಟ್ಟು, ಸೆರಗಿನ ಚುಂಗಿನಿಂದ ಒರೆಸಿ ಚೀಲದೊಳಗೆ ಇಟ್ಟಳು. ಅತ್ತ ಸುನಿಲಕುಮಾರ ಕೊಳದ ಫೋಟೋ ತೆಗೆಯುತ್ತಿದ್ದ.

ಹತ್ತು ನಿಮಿಷವೂ ಆಗಿರಲಿಲ್ಲ. ಹಿಂದಿನಿಂದ ಬಂದ ಪ್ರವಾಸಿಗಳ ಗುಂಪೊಂದು ಎಡಗಡೆಯ ದಾರಿ ಹಿಡಿಯಿತು. ಅಲ್ಲಿ ಆಗಷ್ಟೇ ಕೂರಿಸಿದ ಪಾಚಿ ಇತ್ತು, ಇನ್ನೂ ಬೇರು ಬಿಟ್ಟಿರಲಿಲ್ಲ. ಕಾಲಿಟ್ಟಲ್ಲೆಲ್ಲ ಅದು ಚಪಾತಿಯ ಪದರಿನ ಹಾಗೆ ಜಾರಿ ಎದ್ದಿತು. ಬೇಲಿಯ ಹಿಂದಿನಿಂದ ನೀಲಿ ಅಂಗಿಯ ಮಾಲಿಯೊಬ್ಬ ಓಡಿಬಂದ, ಎಪ್ಪತ್ತರ ಮುದುಕ. ಕೂಗಲಿಲ್ಲ. ಎದೆಯ ಮುಂದೆ ಎರಡೂ ಕೈಯನ್ನು ಅಡ್ಡಡ್ಡ ಹಿಡಿದು, ಬಗ್ಗಿ ಬಗ್ಗಿ, ಒಬ್ಬೊಬ್ಬರನ್ನೇ ಹಿಂದಕ್ಕೆ ಕಳಿಸಿದ. ಆಮೇಲೆ ಮೊಣಕಾಲೂರಿ ಗಿಡಗಳ ಬುಡದಲ್ಲಿ ಹುಡುಕತೊಡಗಿದ.

ಬೆಂಚಿನ ಮೇಲೆ ಕೂತ ಶ್ರೀದೇವಿಯ ಹತ್ತಿರವೂ ಬಂದ. ಎರಡೂ ಅಂಗೈಯಿಂದ ದುಂಡಗೆ ತೋರಿಸಿದ. ಬೆರಳಿನಿಂದ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಕಟ್ಟಿ ತೋರಿಸಿದ. ಹಾಸುಗಲ್ಲನ್ನು ತೋರಿಸಿ, ಕೈ ಅಡ್ಡ ಹಿಡಿದ. ಇಲ್ಲಿಂದ ಮುಂದೆ ಕಾಲಿಡಬೇಡಿ ಎಂದು ಹೇಳಲು ಇಟ್ಟ ಕಲ್ಲು ಅದು, ಅಷ್ಟೇ. ಅವಳಿಗೆ ಎಲ್ಲವೂ ಅರ್ಥವಾಯಿತು. ಪಕ್ಕದಲ್ಲಿ ಅತ್ತೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಪಂಚಾಕ್ಷರಿ ಜಪಿಸುತ್ತಿದ್ದಳು.

ಶ್ರೀದೇವಿ ತಲೆಯಾಡಿಸಿದಳು, ಇಲ್ಲವೆಂದು. ಮುದುಕ ಅವಳಿಗೂ ಬಗ್ಗಿ ವಂದಿಸಿ ಹೋದ.

ಆ ವಂದನೆ ಅವಳನ್ನು ಡ್ರೆಸ್ಡೆನ್ನಿನವರೆಗೂ ಬಿಡಲಿಲ್ಲ. ಹಾಲು ಕಾಯಿಸುವಾಗ, ಟ್ರಾಮಿಗೆ ಕಾಯುವಾಗ, ಆ ಬಾಗಿದ ಬೆನ್ನು ಕಣ್ಣ ಮುಂದೆ ಬರುತ್ತಿತ್ತು. ಅವಳು ಗಂಡನಿಗೆ ಹೇಳಿದಳು. ಅವನಿಗೆ ಹೊಸ ವಿಷಯವಾಗಿರಲಿಲ್ಲ. ಹೋಟೆಲಿನಲ್ಲಿ ಚೀಲ ಬಿಚ್ಚಿದ ದಿನವೇ ಫೋನಿನಲ್ಲಿ ಹುಡುಕಿ ತಿಳಿದುಕೊಂಡಿದ್ದ. ಮೊದಲ ಸಲ ನಕ್ಕುಬಿಟ್ಟ. ಎರಡನೆಯ ಸಲ, ಒಂದು ಕಲ್ಲಿನಿಂದ ಅವರ ತೋಟವೇನೂ ಮುಳುಗುವುದಿಲ್ಲ, ಇನ್ನೊಂದಕ್ಕೆ ಹಗ್ಗ ಕಟ್ಟಿರುತ್ತಾರೆ, ಅವ್ವ ಊರಿಗೆ ಹೋಗುವವರೆಗೆ ಬಾಯಿ ಮುಚ್ಚಿಕೊಂಡಿರು ಅಂದ. ಮೂರನೆಯ ಸಲ ಅವಳು ತೋಟದ ಹೆಸರನ್ನು ಮಾತ್ರ ಕೇಳಿದಳು. ಹೆಸರು ತೆಗೆದುಕೊಂಡು ಏನು ಮಾಡುತ್ತೀ ಎಂದು ಕೇಳಿ, ಕಲ್ಲನ್ನು ಅಲ್ಲಿಗೇ ಕಳಿಸುತ್ತೇನೆ ಎಂಬ ಉತ್ತರ ಕೇಳಿದ ಮೇಲೆ, ಗುಡಿಯ ಸಾಮಾನು ಕದ್ದರು ಅಂತ ಸುದ್ದಿಯಾದರೆ ತಾನು ತರಬೇತಿ ಕೊಟ್ಟ ಜಪಾನಿನ ಎಂಜಿನಿಯರುಗಳಿಗೆ ಹೇಗೆ ಮುಖ ತೋರಿಸಲಿ ಎಂದು ಸಿಡುಕಿ ಎದ್ದುಹೋದ.

ನಿನ್ನೆ ಶನಿವಾರ ಅವಳು ಒಬ್ಬಳೇ ಪೋಸ್ಟಿಗೆ ಹೋಗಿದ್ದಳು. ಜರ್ಮನಿಗೆ ಬಂದ ಒಂದೂವರೆ ವರ್ಷದಲ್ಲಿ ಒಬ್ಬಳೇ ಕೌಂಟರಿನ ಮುಂದೆ ನಿಂತದ್ದು ಅದೇ ಮೊದಲು. ಸರದಿ ಬಂದಾಗ ಹಿಂದಿದ್ದವರಿಗೆ ಜಾಗ ಬಿಟ್ಟು, ಮತ್ತೆ ಕೊನೆಗೆ ಹೋಗಿ ನಿಂತಳು. ಎರಡನೆಯ ಸಲ "ಪಾಕೆಟ್. ಯಾಪಾನ್" ಅಂದಳು, ಜಪಾನಿಗೊಂದು ಪಾರ್ಸೆಲ್ ಎಂದು. ಕೌಂಟರಿನ ಹೆಂಗಸು ಪೆಟ್ಟಿಗೆ ಕೊಟ್ಟು, ಅಂಟುವ ಟೇಪು ಕೊಟ್ಟು, ವಿಳಾಸ ಬರೆಯುವ ಜಾಗವನ್ನು ಪೆನ್ನಿನಿಂದ ತಟ್ಟಿ ತೋರಿಸಿದಳು. ಬರೆಯಲು ಅವಳ ಹತ್ತಿರ ಏನೂ ಇರಲಿಲ್ಲ.

ಹನ್ನೊಂದಕ್ಕೆ ಜನ ಬಂದರು. ಎಲ್ಲರಿಗಿಂತ ಮುಂದೆ ಉಳವಪ್ಪ, ಇಪ್ಪತ್ತು ವರ್ಷದಿಂದ ಇಲ್ಲಿರುವ ಹುಬ್ಬಳ್ಳಿಯ ಎಂಜಿನಿಯರು. ಇಲ್ಲಿನ ಕನ್ನಡದವರ ಗಣೇಶನಿಂದ ಹಿಡಿದು ಮನೆಬಾಡಿಗೆಯ ಜಗಳದವರೆಗೆ ಎಲ್ಲಕ್ಕೂ ಅವರೇ ಹಿರಿಯರು. ಬೆಂಗಳೂರಿನ ಸಂಜನಾ ಕೇಸರಿಬಾತಿನ ಡಬ್ಬಿ ತಂದಿದ್ದಳು. ಲಿಂಗದ ಅಳತೆಯನ್ನು ಬಸಲಿಂಗವ್ವನ ಬಾಯಿಂದ ಕೇಳಿದ ಉಳವಪ್ಪ, ಅಷ್ಟು ದೊಡ್ಡದನ್ನು ಕೊರಳಿಗೆ ಕಟ್ಟಿಕೊಂಡವನು ಕುಂಭಕರ್ಣನೇ ಇರಬೇಕು ಅಂದರು. ಎಲ್ಲರೂ ನಕ್ಕರು, ಬಸಲಿಂಗವ್ವನೂ ನಕ್ಕಳು. ನಗುತ್ತಲೇ ಎದ್ದು ದೇವರ ಗೂಡಿನ ಪರದೆ ಸರಿಸಿದಳು. ತಟ್ಟೆ ಬರಿದಾಗಿತ್ತು.

ಶ್ರೀದೇವಿ ಅಡುಗೆಮನೆಯಿಂದ ಪೆಟ್ಟಿಗೆಯನ್ನು ತಂದು ಜಮಖಾನೆಯ ನಡುವೆ ಇಟ್ಟಳು.

"ಇದರಾಗೈತ್ರಿ, ಅತ್ತಿ."

ಸುನಿಲಕುಮಾರ ತಗ್ಗಿದ ದನಿಯಲ್ಲಿ ಒಳಗೆ ನಡೆ ಅಂದ. ಅವಳು ಹೋಗಲಿಲ್ಲ. ಇಷ್ಟು ಜನರ ಮುಂದೆ ಅವಳು ಯಾವತ್ತೂ ಚಹಾ ಬೇಕೇನ್ರಿ ಎನ್ನುವುದಕ್ಕಿಂತ ಹೆಚ್ಚು ಮಾತಾಡಿದವಳಲ್ಲ. ಮೊದಲೆರಡು ಮಾತು ಅವಳಿಗೇ ಕೇಳಿಸದಷ್ಟು ಸಣ್ಣಗೆ ಬಂದವು. ಪೆಟ್ಟಿಗೆಯ ಅಂಚು ಹಿಡಿದುಕೊಂಡು, ಇದು ಲಿಂಗವಲ್ಲ, ದಾರಿ ಮುಚ್ಚಿದೆ ಎಂದು ಹೇಳುವ ಕಲ್ಲು ಎಂದಳು. ಪಾಚಿಯ ಮೇಲೆ ಜನ ಕಾಲಿಟ್ಟದ್ದನ್ನು, ಮುದುಕ ಗಿಡಗಳ ಬುಡದಲ್ಲಿ ಹುಡುಕಿದ್ದನ್ನು ಹೇಳಿದಳು. ಹೇಳುತ್ತ ಹೋದಂತೆ ದನಿ ಗಟ್ಟಿಯಾಯಿತು.

"ಜಪಾನಿ ಭಾಷಾ ಬರ್ತೈತೇನವಾ ನಿನಗ?" ಎಂದು ಕೇಳಿದರು ಉಳವಪ್ಪ.

"ಬರೂದಿಲ್ರಿ. ಅಜ್ಜ ಕೈ ಅಡ್ಡ ಹಿಡದಾ. ಅದಕ್ಕ ಭಾಷಾ ಯಾಕ ಬೇಕ್ರಿ?"

ಸಂಜನಾ ಫೋನು ತೆಗೆದು ಏನೋ ಹುಡುಕಿದಳು. "ಅಂಕಲ್, ಇವ್ರು ಹೇಳ್ತಿರೋದು..." ಎಂದು ಶುರುಮಾಡಿ, ಉಳವಪ್ಪನವರ ಮುಖ ನೋಡಿ ಫೋನನ್ನು ಮಡಿಲಲ್ಲಿ ಬೋರಲು ಹಾಕಿದಳು.

"ಎಂಟನೇತ್ತಾ ಕಲತಾಕಿ ನಮಗ ಶಾಣ್ಯಾತನ ಹೇಳಾಕ ಹತ್ತ್ಯಾಳ ನೋಡ್ರಿ," ಅಂದ ಸುನಿಲಕುಮಾರ, ನಕ್ಕಂತೆ ಮಾಡಿ. ಅವನ ನಗುವಿಗೆ ಯಾರೂ ಜೊತೆಯಾಗಲಿಲ್ಲ.

ಬಸಲಿಂಗವ್ವ ಇಷ್ಟು ಹೊತ್ತು ಬರಿದಾದ ತಟ್ಟೆಯನ್ನೇ ಹಿಡಿದು ನಿಂತಿದ್ದಳು. ಶ್ರೀದೇವಿಯ ಅಪ್ಪನ ಅಕ್ಕ ಅವಳು; ಶಾಲೆ ಬಿಟ್ಟ ಹುಡುಗಿಯನ್ನು ಹುಡುಕಿಕೊಂಡು ಬಂದು ಮಗನಿಗೆ ತಂದುಕೊಂಡವಳು.

"ನಾ ಕಳ್ಳಿ ಅಂತೀಯೇನ ಹಂಗಾರ?"

ಶ್ರೀದೇವಿ ಅತ್ತೆಯ ಕಣ್ಣಿನಿಂದ ಕಣ್ಣು ತೆಗೆಯಲಿಲ್ಲ.

"ಅಲ್ರಿ. ನೀವು ಬಿದ್ದದ್ದನ್ನ ಎತ್ತಿಕೊಂಡ್ರಿ. ನಿಮಗ ಗೊತ್ತಿರಲಿಲ್ಲ. ನನಗ ಗೊತ್ತಿತ್ತು. ಅಂವ ಕೇಳಿದಾಗ ಇಲ್ಲ ಅಂದಾಕಿ ನಾ."

ಉಳವಪ್ಪ ಗಂಟಲು ಸರಿಮಾಡಿಕೊಂಡರು. ನಂಬಿಕೆಯಿಂದ ಪೂಜಿಸಿದರೆ ಯಾವ ಕಲ್ಲಾದರೂ ದೇವರೇ, ಬಂದ ಜನರ ಮುಂದೆ ಮನೆಯ ಮಾತು ಬೇಡ, ಮೊದಲು ಆರತಿ ಆಗಲಿ, ಆಮೇಲೆ ನಿಧಾನವಾಗಿ ಕೂತು ವಿಚಾರ ಮಾಡೋಣ ಎಂದು ನ್ಯಾಯ ಹೇಳಿದರು. ಇಬ್ಬರು ಮೂವರು ಹೌದೌದು ಅಂದರು. ಸುನಿಲಕುಮಾರ ಬಗ್ಗಿ ಪೆಟ್ಟಿಗೆಗೆ ಕೈ ಹಾಕಿದ.

ಶ್ರೀದೇವಿ ಅವನಿಗಿಂತ ಮೊದಲು ಜಮಖಾನೆಯ ಮೇಲೆ ಕೂತು, ಪೆಟ್ಟಿಗೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಎರಡೂ ತೋಳು ಅದರ ಮೇಲಿಟ್ಟಳು. ಅವನ ಕೈ ಗಾಳಿಯಲ್ಲಿ ಒಂದು ಕ್ಷಣ ನಿಂತು ಹಿಂದೆ ಹೋಯಿತು. ಹೆಂಡತಿಯ ತೋಳಿನ ಮೇಲೆ ಕೈ ಹಾಕಿ ಕಿತ್ತುಕೊಳ್ಳುವುದು ಇಷ್ಟು ಜನರ ಮುಂದೆ ಆಗದ ಕೆಲಸ. ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಅದಕ್ಕೇ ಅವಳು ಈ ಹೊತ್ತನ್ನು ಆರಿಸಿಕೊಂಡದ್ದು.

"ಸುನೀಲಾ," ಅಂದಳು ಬಸಲಿಂಗವ್ವ. "ನಿನಗ ಗೊತ್ತಿತ್ತೇನೋ ಇದು?"

ಅವನು ಕಿಟಕಿಯ ಕಡೆ ನೋಡಿದ.

ಬಸಲಿಂಗವ್ವ ತಟ್ಟೆಯನ್ನು ಕೆಳಗಿಟ್ಟು, ಗೋಡೆ ಹಿಡಿದು ಮೆಲ್ಲಗೆ ಕೂತಳು. ಮೂರು ವಾರ ದಿನಾ ಬೆಳಿಗ್ಗೆ ತಾನು ಹಾಲೆರೆಯುವುದನ್ನು ಇದೇ ಮಗ ಕಾಫಿ ಕುಡಿಯುತ್ತ ನೋಡುತ್ತಿದ್ದನಲ್ಲ ಎಂದು ಅವಳು ಯೋಚಿಸುತ್ತಿರಬೇಕು. ಶ್ರೀದೇವಿಗೆ ಅತ್ತೆಯ ಪಕ್ಕಕ್ಕೆ ಹೋಗಿ ಕೂರಬೇಕೆನಿಸಿತು. ಆದರೆ ಎದ್ದರೆ ಪೆಟ್ಟಿಗೆ ಕೈ ಬಿಡುತ್ತದೆ.

ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಟೇಪನ್ನು ತೆಗೆದು, ಹಲ್ಲಿನಿಂದ ಕಡಿದು ಪೆಟ್ಟಿಗೆಯ ಬಾಯಿಗೆ ಅಂಟಿಸಿದಳು. ಇನ್ನೊಂದು ತುಂಡು ಅಡ್ಡ. ಕುರ್ಚಿಯ ಮೇಲಿದ್ದವರು, ಜಮಖಾನೆಯ ಮೇಲಿದ್ದವರು, ಬಾಗಿಲಲ್ಲಿ ನಿಂತವರು ಎಲ್ಲರೂ ಅವಳ ಕೈಯನ್ನೇ ನೋಡುತ್ತಿದ್ದರು. ಇಷ್ಟು ಕಣ್ಣು ತನ್ನ ಮೇಲಿದ್ದರೆ ಬೇರೆ ದಿನವಾದರೆ ಅವಳು ನೆಲದೊಳಗೆ ಇಳಿದುಹೋಗುತ್ತಿದ್ದಳು. ಇವತ್ತು ಇರಲಿ ಅನಿಸಿತು, ನೋಡಲಿ. ಕುಪ್ಪಸದೊಳಗಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ವಿಳಾಸದ ಖಾಲಿ ಜಾಗದ ಮೇಲೆ ಇಟ್ಟು ತಲೆಯೆತ್ತಿದಳು. ಗಂಡನನ್ನು ನೋಡಿದಳು, ಉಳವಪ್ಪನವರನ್ನು ನೋಡಿದಳು, ಮಡಿಲಲ್ಲಿ ಫೋನು ಮುಚ್ಚಿಟ್ಟುಕೊಂಡ ಸಂಜನಾಳನ್ನು ನೋಡಿದಳು.

"ಆ ತೋಟದ ಹೆಸರ ಹೇಳ್ರಿ," ಅಂದಳು.

ಯಾರಾದರೂ ಹೇಳುವವರೆಗೆ ಎಂಬಂತೆ ಪೆನ್ನನ್ನು ಅಲ್ಲಿಂದ ಎತ್ತದೆ ಕೂತಳು.